ಹಿತ್ತಲಿನ ನವರಂಗ ಮತ್ತು ದೊಡ್ಡಮ್ಮನ ಪೊರಕೆ

ಒಂದು ಹಕ್ಕಿಯನ್ನು ಅದರ ಪಾಡಿಗೆ ಬಿಡಿ ಎಂದು ಕೇಳಿಕೊಂಡರೆ ನಮ್ಮ ತೂಬಗೆರೆ ಕಡೆ ಏನೇನು ಅನುಭವಿಸಬೇಕು ಎಂಬುದಕ್ಕೆ ನನಗೆ ವರ್ಷಾವರ್ಷ ಹೊಸ ಪ್ರಸಂಗ ಸಿಗುತ್ತಲೇ ಇರುತ್ತದೆ. ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಹಿತ್ತಲಿನ ಬಿದಿರುಮೆಳೆಯ ಅಡಿಗೆ ಒಂದು ನವರಂಗ ಬಂದಿಳಿಯುತ್ತದೆ. ಮೈನಾಕ್ಕಿಂತ ಚಿಕ್ಕದು. ಬೆನ್ನು ಹಸಿರು, ಹೊಟ್ಟೆ ಕಡಲೆಹಿಟ್ಟಿನ ಬಣ್ಣ, ಕಣ್ಣಿಗೆ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ನೀಲಿ, ಬಾಲದ ಬುಡದಲ್ಲಿ ಕೆಂಪು. ಬಾಲವೋ ಹೆಸರಿಗಷ್ಟೆ. ತರಗೆಲೆ ಮಗುಚಿ ಹುಳ ಹೆಕ್ಕಿ ತಿನ್ನುವ ಕಾಡುಹಕ್ಕಿ. ತರಗೆಲೆ ಇಲ್ಲದ ಕಡೆ ನಿಲ್ಲುವುದಿಲ್ಲ. ಇಷ್ಟೇ ವಿಷಯ. ಇದನ್ನು ಒಬ್ಬರಿಗೂ ಅರ್ಥ ಮಾಡಿಸಲು ನನ್ನಿಂದ ಆಗಿಲ್ಲ.

ಬಾಲ ಎಲ್ಲಿ?

ನಾನು ಕೆಲಸ ಮಾಡುವ ನೆಲಮಂಗಲದ ಗೋದಾಮಿನಲ್ಲಿ ಊಟದ ಹೊತ್ತಿಗೆ ಜೊತೆಯವನೊಬ್ಬನಿಗೆ ಮೊಬೈಲಿನಲ್ಲಿ ಅದರ ಫೋಟೊ ತೋರಿಸಿದೆ. ಭಾನುವಾರವೆಲ್ಲ ಸೊಳ್ಳೆ ಕಡಿಸಿಕೊಂಡು ತೆಗೆದ ಫೋಟೊ.

"ಎಐಲಿ ಮಾಡಿಸಿದ್ದಾ ಗುರು?"

"ನಮ್ಮ ಹಿತ್ತಲಲ್ಲೇ ತೆಗ್ದಿದ್ದು ಕಣೋ."

ಅವನು ಫೋಟೊ ಹಿಗ್ಗಿಸಿ ನೋಡಿದ. "ಸುಮ್ನಿರು ಗುರು. ಬಣ್ಣ ಎಲ್ಲಾ ಸಖತ್ತಾಗಿ ಹಾಕೈತೆ, ಬಾಲ ಹಾಕೋದೇ ಮರ್ತುಬಿಟ್ಟೈತೆ."

ಮರದ ತುದಿಯಲ್ಲಿ ಕಣ್ಣು

ನವರಂಗದ ಫೋಟೊ ತೆಗೆಯಲು ಬೆಂಗಳೂರಿನಿಂದ ಒಬ್ಬರು ಮೊಳದುದ್ದದ ಲೆನ್ಸ್ ಹೊತ್ತು ಬಂದರು. ಅಂಗಿ, ಪ್ಯಾಂಟು, ಟೋಪಿ ಎಲ್ಲದರ ಮೇಲೂ ಎಲೆಯ ಚಿತ್ರ. ಬಂದವರೇ ತರಗೆಲೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಮರದ ತುದಿ ನೋಡುತ್ತ ಕುಳಿತರು. "ಸಾರ್, ಅದು ಕೆಳಗೆ..." ಎಂದೆ. ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದರು. ನವರಂಗ ಅವರ ಕುರ್ಚಿಯ ಹಿಂದೆಯೇ ಕುಪ್ಪಳಿಸಿ ಹೋಗಿ, ಒಂದು ಹುಳ ತಿಂದು ಮೆಳೆ ಸೇರಿತು. ಮಧ್ಯಾಹ್ನ ಅವರು ಕತ್ತು ಹಿಡಿದುಕೊಂಡು ಎದ್ದಾಗ, ಅದು ನೆಲದ ಮೇಲೇ ಓಡಾಡಿಕೊಂಡಿತ್ತು ಎಂದು ಹೇಳಿದೆ.

"ನೆಲದ ಮೇಲೆ ಓಡಾಡೋದನ್ನ ಕೋಳಿ ಅಂತಾರೆ," ಎಂದು ಹೇಳಿ ಕಾರು ಹತ್ತಿದರು.

ನೆಂಟನಿಗೆ ರಂಗೋಲಿ

ಇವನ್ನೆಲ್ಲ ಸಹಿಸಬಹುದು. ಪಕ್ಕದ ಮನೆಯ ದೊಡ್ಡಮ್ಮನನ್ನು ಸಹಿಸುವುದು ಕಷ್ಟ. ನಮ್ಮ ತರಗೆಲೆ ಕಂಡರೆ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. "ಗುಡ್ಸಕ್ಕೆ ಸೋಮಾರಿತನ, ಅದಕ್ಕೊಂದು ಹಕ್ಕಿ ನೆಪ" ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದ್ದರು. ಆಮೇಲೆ ನಾನೇ ಹೋಗಿ, "ಅದು ಹಿಮಾಲಯದ ಕಡೆಯಿಂದ ನಮ್ಮನೆಗೆ ಬರೋ ನೆಂಟ, ದೊಡ್ಡಮ್ಮ" ಎಂದು ಬಿಡಿಸಿ ಹೇಳಿದೆ. ಅವರು ಗೋಡೆಯ ಮೇಲಿಂದ ನಮ್ಮ ಹಿತ್ತಲನ್ನೊಮ್ಮೆ ಬಗ್ಗಿ ನೋಡಿದರು.

ನಾವು ಕುಂದಾಣಕ್ಕೆ ಗೃಹಪ್ರವೇಶಕ್ಕೆ ಹೋಗಿ ಸಂಜೆ ಬಂದರೆ ಹಿತ್ತಲಿನ ಗುರುತೇ ಸಿಗಲಿಲ್ಲ. ಹುಡುಕಿದರೂ ಒಂದು ಎಲೆ ಇಲ್ಲ. ಬಿದಿರಿನ ಬುಡದವರೆಗೂ ಸಗಣಿ ಸಾರಿಸಿ, ನಡುವೆ ಬಣ್ಣಬಣ್ಣದ ರಂಗೋಲಿ ಬಿಟ್ಟಿದ್ದರು.

"ಅಷ್ಟು ದೂರದಿಂದ ನೆಂಟ್ರು ಬರೋ ಜಾಗನ ಹಂಗಾ ಇಡೋದು?" ಎಂದರು ದೊಡ್ಡಮ್ಮ, ಬೆವರು ಒರೆಸಿಕೊಳ್ಳುತ್ತ.

ಮಾರನೆಯ ದಿನವೆಲ್ಲ ಕಾದರೂ ನವರಂಗ ಬರಲಿಲ್ಲ. ಈ ವರ್ಷಕ್ಕೆ ಮುಗಿಯಿತು ಎಂದು ಊಟ ಸೇರದೆ ಕೂತಿದ್ದಾಗ ದೊಡ್ಡಮ್ಮ ಗೋಡೆಯಾಚೆಯಿಂದ ಕರೆದರು. ಹೋಗಿ ನೋಡಿದರೆ, ನಮ್ಮ ತರಗೆಲೆಯನ್ನೆಲ್ಲ ಹೊತ್ತು ತಮ್ಮ ಹಿತ್ತಲಿನ ಮೂಲೆಯ ಹಲಸಿನ ಮರದಡಿ ಸುರಿದಿದ್ದಾರೆ. ಆ ರಾಶಿಯಲ್ಲಿ ನವರಂಗ ಎಲೆ ಮಗುಚುತ್ತಿದೆ.

"ನೋಡ್ದಾ? ಚೊಕ್ಕಟವಾಗಿರೋ ಮನೆ ಯಾವ್ದು ಅಂತ ಅದಕ್ಕೂ ಗೊತ್ತು ಕಣಪ್ಪ."

"ಅದು ನಮ್ಮ ಎಲೆ, ದೊಡ್ಡಮ್ಮ."

"ಹೂಂ, ಇನ್ನೂ ಉದುರ್ತವಲ್ಲ. ನಂಗೆ ಸೊಂಟ ಹಿಡ್ಕೊಂಡೈತೆ, ನಾಳೆಯಿಂದ ನೀನೇ ಗುಡಿಸಿ ತಂದ್ ಹಾಕು" ಎಂದು ಪೊರಕೆಯನ್ನು ನನ್ನ ಕೈಗೆ ಕೊಟ್ಟರು. "ಬರೋವಾಗ ಚಪ್ಪಲಿ ಹೊರಗೆ ಬಿಡು."