ಹಾಗಲಕಾಯಿ ರಸದ ಕೀರ್ತಿ

ನಮ್ಮ ಸೋದರಮಾವ ತಮಗೆ ಬಂದ ಕಾಯಿಲೆಯನ್ನೂ ತಮ್ಮ ಸಾಧನೆ ಎಂದೇ ಸಾರಿಕೊಂಡು ತಿರುಗಿದವರು. ಮಸ್ಕಿಯಲ್ಲಿ ಅವರದು ಬಟ್ಟೆ ಅಂಗಡಿ ಮತ್ತು ಊರಲ್ಲೆಲ್ಲ ಹೆಸರಾದ ಹೊಟ್ಟೆ. ಹೋದ ವರ್ಷ ಆ ಹೊಟ್ಟೆ ತಾನಾಗಿಯೇ ಕರಗತೊಡಗಿತು. ಸಕ್ಕರೆ ಕಾಯಿಲೆಗೆಂದು ದಿನಾ ಹಾಗಲಕಾಯಿ ರಸ ಕುಡಿಯುತ್ತಿದ್ದರಲ್ಲ, ಕೀರ್ತಿಯೆಲ್ಲ ಅದಕ್ಕೇ ಹೋಯಿತು. ಲಿಂಗಸುಗೂರಿನ ಬಸ್ಸಿನಲ್ಲಿ ಗುರುತಿಲ್ಲದ ದಪ್ಪ ಮನುಷ್ಯನೊಬ್ಬನಿಗೆ ತಮ್ಮ ಪ್ಯಾಂಟಿನ ಸೊಂಟ ಹಿಗ್ಗಿಸಿ ತೋರಿಸಿ, "ಇದರಾಗ ಇನ್ನೊಬ್ಬ ಹಿಡಸ್ತಾನ ನೋಡ್ರಿ" ಎಂದರಂತೆ. ಆತ ಮುಂದಿನ ಸ್ಟಾಪಿನಲ್ಲೇ ಇಳಿದುಹೋದ.

ಅತ್ತೆಗೆ ಮಾತ್ರ ಈ ಸಂಭ್ರಮ ಸರಿಬರಲಿಲ್ಲ.

"ನಿಮ್ಮ ಮಾರಿ ಯಾಕ್ರೀ ಹಿಂಗ ಬೆಳ್ಳಗ ಆಗಾಕತ್ತೈತಿ?"

"ಮದಿವ್ಯಾದಾಗಿಂದ ಕರಿಯ ಅಂತಿದ್ದಿ. ಈಗರ ಖುಷಿ ಪಡು."

ಅಂಗಡಿ ಮೆಟ್ಟಿಲು ಹತ್ತಿದರೆ ಏದುಸಿರು. ತಪ್ಪು ಮೆಟ್ಟಿಲು ಕಟ್ಟಿದವನದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ. ಅದು ಅಪ್ಪನಿಂದ ಬಂದ ಆಸ್ತಿ. ಇಂಥವರನ್ನು ಆಸ್ಪತ್ರೆಗೆ ಒಯ್ಯುವುದು ಹೇಗೆ? ನನ್ನ ತಂಗಿಗೆ ಸಿಂಧನೂರಿನಲ್ಲಿ ಒಬ್ಬ ಡಾಕ್ಟರು ವರನನ್ನು ನೋಡುವುದಿದೆ ಎಂದು ಅತ್ತೆ ಸುಳ್ಳು ಹೇಳಿದರು. ಮಾವ ಸೆಂಟು ಹಚ್ಚಿಕೊಂಡು ಹೊರಟರು. ಜೊತೆಗೆ ನಾನೂ ಇದ್ದೆ. ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರು ಎದುರು ಕೂತದ್ದೇ ತಡ, ಮಾವ ನನ್ನ ಕಿವಿಯಲ್ಲಿ, "ಹುಡುಗ ಪಸಂದ್ ಅದಾನ" ಎಂದವರೇ, "ಒಕ್ಕಲುತನ ಐತೇನ್ರೀ ಮನ್ಯಾಗ?" ಎಂದು ವಿಚಾರಣೆಗಿಳಿದರು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. "ಊಟ ಮೊದಲಿನಷ್ಟ ಐತಿ, ತೂಕ ಇಳದೈತಿ, ರಕ್ತಾನೂ ಕಡಿಮಿ ಆಗೈತಿ. ಇದು ಹಾಗಲಕಾಯಿ ಕೆಲಸ ಅಲ್ರೀ. ದೊಡ್ಡ ಕರುಳಾಗ ಏನೋ ಕುಂತು ನಿಮ್ಮ ಪಾಲಿಂದು ಉಣ್ಣಾಕತ್ತಿರಬೇಕು."

"ನನ್ನ ಕೇಳದ?" ಎಂದರು ಮಾವ.

ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದಾಗ ಕಂಡದ್ದು ಕ್ಯಾನ್ಸರ್ ಗಡ್ಡೆ. ಕ್ಯಾಮೆರಾ ಯಾವ ದಾರಿಯಿಂದ ಹೋಯಿತೆಂದು ಯಾರಿಗೂ ಹೇಳಕೂಡದೆಂದು ಮಾವ ನಮ್ಮಿಬ್ಬರಿಂದ ಆಣೆ ಹಾಕಿಸಿಕೊಂಡರು. ಮಸ್ಕಿಯಲ್ಲಿ ಬಸ್ಸಿಳಿದ ಕೂಡಲೇ ಚಹಾದಂಗಡಿಯಲ್ಲಿ ತಾವೇ ಶುರು ಮಾಡಿದರು: "ಟಿವಿಯಾಗ ನನ್ನ ಕರುಳು ನೋಡೀನಿ. ಕಲರ್ ಪಿಕ್ಚರ್."

ಪುಣ್ಯಕ್ಕೆ ಗಡ್ಡೆ ಇನ್ನೂ ಕರುಳು ದಾಟಿರಲಿಲ್ಲ. ಆಪರೇಷನ್ ಆಗಿ ಮಾವ ಈಗ ಮತ್ತೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಾರೆ.

ನನಗೆ ಮರೆಯಲಾಗದ್ದು ಆಪರೇಷನ್ನಿನ ಬೆಳಗು. ಸ್ಟ್ರೆಚರ್ ಒಳಗೆ ಹೋಗುವಾಗ ಮಾವ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇನ್ನೊಂದು ಚೇಷ್ಟೆ ಎಂದುಕೊಂಡೆವು. ಅವರು ಅತ್ತೆಯನ್ನೇ ನೋಡುತ್ತಿದ್ದರು.

"ನೀ ನಿನ್ನೆಯಿಂದ ಉಂಡಿಲ್ಲ."

"ನೀವು ಹೋಗಿ ಬರ್ರಿ. ಆಮ್ಯಾಲ ಉಣ್ತೀನಿ."

"ಊಂಹೂಂ. ನೋಡೇ ಹೋಗಾಂವ."

ಅತ್ತೆ ಚೀಲದಿಂದ ರೊಟ್ಟಿ ತೆಗೆದು ಒಂದು ಚೂರು ಬಾಯಿಗಿಟ್ಟುಕೊಂಡರು. ಅಗಿಯುತ್ತಲೇ ನಿಂತರು. ಮಾವ ಕಾಯ್ದರು. ಆಕೆ ನುಂಗಿದ್ದನ್ನು ಕಂಡ ಮೇಲೆ ಚೌಕಟ್ಟಿನಿಂದ ಕೈ ಬಿಟ್ಟರು.