ಯಾರ ಹವಾ?

ನಾನು ಹೇಳುವುದೊಂದು, ಜನ ಕೇಳಿಸಿಕೊಳ್ಳುವುದು ಇನ್ನೊಂದು. ನನ್ನ ಹೋರಾಟದುದ್ದಕ್ಕೂ ಇದೇ ನಡೆದಿದೆ. ನಾನು ಕೆಂಡದಂಥ ಮನುಷ್ಯ; ಆದರೂ ಆ ಜನಕ್ಕೆ ಋಣಿ.

ತೊಂಬತ್ತರ ದಶಕ. ಕಮಲಾಪುರದಾಚೆ ವನ್ಯಜೀವಿಗಳಿಗೆಂದೇ ಕಾಯ್ದಿಟ್ಟ ಕಾಡಿನ ಅಂಚಿಗೆ ಜಲ್ಲಿ ಕ್ರಷರ್ ಬಂತು. ಅದರ ಧೂಳಿನಲ್ಲಿ ಚಿಗರಿ ಹಿಂಡು ಹಾಗಿರಲಿ, ಎದುರಿನ ಗುಡ್ಡವೇ ಕಾಣದಾಯಿತು. ಕಾವಲು ಗೋಪುರದ ಗಾರ್ಡ್ ಕೆಮ್ಮುತ್ತ ಅಂದ: "ಕಾಡಿಗಿ ಬೆಂಕಿ ಬಿದ್ರ ಹೊಗಿ ಯಾವುದು, ಧೂಳ ಯಾವುದು, ಹೆಂಗ ತಿಳೀಬೇಕಣ್ಣಾ?"

ಶಾಲೆ ಬಿಟ್ಟು ಬೀದಿಯಲ್ಲಿ ಕಲಿತ ನನಗೆ ಅಷ್ಟು ಸಾಕಾಯಿತು. ಕ್ರಷರ್‌ಗೆ ತಗಡು ಮುಚ್ಚಲಿ, ನೀರು ಹೊಡೆಯಲಿ. ಬೇರೇನೂ ಬೇಡ.

ಹಿಂದಿನ ಗಾಲಿ

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸೈಕಲ್ಲಿಗೆ 'ಹವಾ ಉಳಿಸಿ' ಎಂಬ ಬೋರ್ಡ್ ಒರಗಿಸಿ, ಸಹಿ ಕೇಳುತ್ತ ನಿಂತೆ. ಗಂಟಲು ಹರಿಯುವಂತೆ ಕೂಗಿದ ಮೇಲೆ ಒಬ್ಬರು ಸ್ಕೂಟರ್ ತಳ್ಳಿಕೊಂಡು ಬಂದರು.

"ಕಾಕಾ, ಹಿಂದಿನ ಗಾಲಿಗಿ ಹಾಕ್ರಿ."

"ಇದು ಉಸಿರಾಡೋ ಹವಾ ರೀ!"

ಅವರ ಹಿಂದೆ ಮತ್ತಿಬ್ಬರು ಸೈಕಲ್ ತಂದರು. ಕಡೆಗೆ ಎದುರಿನ ಪಂಕ್ಚರ್ ಅಂಗಡಿಯವನೇ ಓಡಿಬಂದು ಮೊದಲ ಸಹಿ ಹಾಕಿದ. "ಹಾಕೀನಿ ಭಾಯ್. ಈಗ ಬೋರ್ಡ್ ತಗೊಂಡು ಬ್ಯಾರೆ ಕಡಿ ನಡಿ!"

ಎಲೆಕ್ಷನ್

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುವ ಮುದುಕಿ ಬೋರ್ಡ್ ಓದಿಸಿಕೊಂಡಳು. ಚುನಾವಣೆ ಹತ್ತಿರವಿತ್ತು.

"ಈ ಸಲ ಯಾರ ಹವಾ ಅದಪಾ?"

"ಯಾರದೂ ಅಲ್ಲ ಆಯಿ. ಹವಾನೇ ಕೆಟ್ಟದ!"

ಅವಳು ಹಣ್ಣಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟು, ಹೆಬ್ಬೆಟ್ಟು ಒತ್ತಿದಳು. "ಎಲೆಕ್ಷನ್ ಬಂದಾಗೊಮ್ಮೆ ಕೆಡ್ತದ. ಹೊಸಾದೇನರ ಹೇಳು."

ಸ್ವೆಟರ್

ಆ ಸಹಿಗಳ ಅರ್ಜಿ ಕೊಟ್ಟ ಪುಣ್ಯ, ಜಿಲ್ಲಾ ಕಚೇರಿಯಿಂದ ಸಾಹೇಬರೊಬ್ಬರು ಪರಿಶೀಲನೆಗೆ ಬಂದರು. ಮೇ ತಿಂಗಳ ಮಧ್ಯಾಹ್ನ. ಕ್ರಷರ್ ಮಾಲೀಕ ಉಣ್ಣೆಯ ಸ್ವೆಟರ್, ಮಫ್ಲರ್ ಹಾಕಿಕೊಂಡು ಗೋಪುರ ಹತ್ತಿದ!

"ಇದು ಧೂಳಲ್ರೀ ಸಾಹೇಬ್ರ, ಮಂಜು. ಕಾಡಂದ ಮ್ಯಾಲ ಥಂಡಿ ಇರೂದೇ."

ನಾನು ಬೈಯಲು ಬಾಯಿ ತೆರೆದೆ. ಸಾಹೇಬರು ಕೈಸನ್ನೆಯಲ್ಲಿ ತಡೆದರು. "ಹೌದಾ? ಮಂಜು ಸರಿಯೋತನಕ ಕೂಡೂಣು. ಸ್ವೆಟರ್ ಬಿಚ್ಚಬ್ಯಾಡ್ರಿ, ನೆಗಡಿ ಆಗ್ತದ." ಗಾರ್ಡ್‌ಗೆ ಹೇಳಿ ಬಿಸಿ ಚಹಾ ತರಿಸಿದರು. ಮೇಲೆ ಮತ್ತೊಂದು ಕಪ್ಪು.

ಮಾಲೀಕನ ಗಲ್ಲದಿಂದ ಬೆವರು ಚಹಾದ ಕಪ್ಪಿಗೇ ತೊಟ್ಟಿಕ್ಕಿತು. "ಧೂಳೇ ಅದ ರೀ ಸಾಹೇಬ್ರ! ನಾಳೆನೇ ತಗಡ ಹಾಕಸ್ತೀನಿ, ನೀರ ಹೊಡಸ್ತೀನಿ! ಇದೊಂದು ಬಿಚ್ಚಾಕ ಬಿಡ್ರಿ!"

ತಗಡು ಬಿತ್ತು, ನೀರು ಬಿತ್ತು. ಗುಡ್ಡ ಕಂಡಿತು, ಅದರ ಬುಡದಲ್ಲಿ ಚಿಗರಿಗಳೂ ಕಂಡವು. ಮುಂದೊಮ್ಮೆ ಹೋದಾಗ, ಮಾಲೀಕ ಬಿಟ್ಟೋಡಿದ ಸ್ವೆಟರ್ ಗೋಪುರದ ಮೊಳೆಗೆ ತೂಗುತ್ತಿತ್ತು. ಗಾರ್ಡ್ ಅದಕ್ಕೆ ಕೈ ಮುಗಿಯುತ್ತಿದ್ದ.

"ಅದಕ್ಯಾಕೋ ಮುಗೀತಿ? ಹೋರಾಟ ಮಾಡಿದಾಂವ ನಾನು!"

"ಹೌದಣ್ಣಾ. ಆದ್ರ ಬೆವರು ಸುರಿಸಿದಾಂವ ಅವನೇ."