ಪಿಸ್ಟನ್ ಇಲ್ಲದ ಕಾರಿನ ಪಕ್ಕದ ಸೀಟಿನಲ್ಲಿ ಯಾರು ಕೂರತಕ್ಕದ್ದು ಎಂಬ ಬಗ್ಗೆ

ಸುತ್ತೋಲೆ

ಕ್ರಮಾಂಕ: ದಾಖಲೆ/ವಾಹನ/ಪಿಸ್ಟನ್-0/412
ದಿನಾಂಕ: ಈ ತಿಂಗಳ ಒಂಬತ್ತು (ದಾಖಲೆ ಕೊಠಡಿಯ ಗುಮಾಸ್ತರ ಮಟ್ಟಿಗೆ: ಪ್ರಯಾಣದ ಒಂಬತ್ತನೇ ದಿನ)

ವಿಷಯ: ರೋಟರಿ ಎಂಜಿನ್ನಿನ ಸ್ಪೋರ್ಟ್ಸ್ ಕಾರನ್ನು ಹೆದ್ದಾರಿಯಲ್ಲಿ ದೂರ ಪ್ರಯಾಣಕ್ಕೆ ಕೊಂಡೊಯ್ಯುವಾಗ ಅನುಸರಿಸಬೇಕಾದ ಕ್ರಮಗಳ ಕುರಿತು.

ಉಲ್ಲೇಖ:
(1) ಸದರಿ ಗುಮಾಸ್ತರು ಭರ್ತಿ ಮಾಡಿದ ನಮೂನೆ 17, ಅಂಕಣ 6.
(2) ಸದರಿಯವರ ಎರಡು ದಿನದ ರಜೆ ಅರ್ಜಿ ಮತ್ತು ಗ್ಯಾರೇಜಿನ ಮೇಸ್ತ್ರಿಯ ಪ್ರಮಾಣಪತ್ರ (ಗ್ರೀಸ್ ಮೆತ್ತಿಕೊಂಡಿರುವುದರಿಂದ ಮೂರನೇ ಸಾಲು ಓದಲಾಗಿಲ್ಲ).
(3) ನಿರ್ದೇಶಕರ ಮೌಖಿಕ ಆದೇಶ: "ಆ ಕಾರಿಗೆ ಏನಾದರೂ ಒಂದು ಗತಿ ಕಾಣಿಸಿ."

ಪ್ರಸ್ತಾವನೆ

ಇಲಾಖೆಯ ಜೀಪು ರಿಪೇರಿಯಲ್ಲಿರುವುದರಿಂದ (ಎಂದಿನಿಂದ ಎಂಬುದು ಪ್ರತ್ಯೇಕ ಕಡತದ ವಿಷಯ), ಈ ತಿಂಗಳ ಒಂದರಂದು ದಾಖಲೆ ಕೊಠಡಿಯ ಗುಮಾಸ್ತರು 412 ಕಿಲೋಮೀಟರ್ ದೂರದ ಸಮುದ್ರದಂಚಿನ ಶಾಖಾ ಕಚೇರಿಗೆ ಮೂರು ಕಟ್ಟು ಕಡತಗಳನ್ನು ತಮ್ಮ ಅಕ್ಕನ ಕಾರಿನಲ್ಲಿ ಸಾಗಿಸಿ, ಮರುದಿನ ಸಂಜೆಗೆ ಹಿಂದಿರುಗಿರುತ್ತಾರೆ. ಅಲ್ಲಿಯ ತನಕ ಯಾರಿಗೂ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಮೂರನೇ ತಾರೀಕು ಬೆಳಿಗ್ಗೆ, ಅವರು ನಮೂನೆ 17ನ್ನು ತುಂಬುತ್ತಾ ಆರನೇ ಅಂಕಣಕ್ಕೆ ಬಂದಾಗ. ಅಂಕಣದ ತಲೆಬರಹ: 'ಪಿಸ್ಟನ್‌ಗಳ ಸಂಖ್ಯೆ'.

ಸದರಿ ಕಾರಿನ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಕುಣಿಯುವ ಪಿಸ್ಟನ್‌ಗಳಿರುವುದಿಲ್ಲ. ಬದಲಿಗೆ ಮೂರು ಮೂಲೆಯ ಎರಡು ಬಿಲ್ಲೆಗಳು ಡಬ್ಬಿಯೊಳಗೆ ಗಿರಗಿರನೆ ಸುತ್ತುತ್ತವೆ. ಬೇರೆ ಯಾರೇ ಆಗಿದ್ದರೂ 'ನಾಲ್ಕು' ಎಂದು ಗೀಚಿ ಊಟಕ್ಕೆ ಏಳುತ್ತಿದ್ದರು. ಗುಮಾಸ್ತರು ಪೆನ್ನಿನ ಬುಡ ಕಚ್ಚುತ್ತಾ ನಲವತ್ತು ನಿಮಿಷ ಕೂತು, ಬೆವರೊರೆಸಿಕೊಂಡು, '0' ಎಂದು ಬರೆದು, ಅದನ್ನು ಯಾರಾದರೂ ಬೇರೆ ಅಂಕಿಯಾಗಿ ತಿದ್ದಿಯಾರೆಂಬ ಭಯದಿಂದ ಪಕ್ಕದಲ್ಲಿ 'ಸೊನ್ನೆ ಮಾತ್ರ' ಎಂದು ಅಕ್ಷರದಲ್ಲೂ ಬರೆದು, ಸಹಿ ಹಾಕಿರುತ್ತಾರೆ. ಇಲಾಖೆಗೆ ಒದಗಿದ ಸಂಕಟವೆಲ್ಲ ಇಲ್ಲಿಂದಲೇ ಶುರು.

ಇಲಾಖೆಯಲ್ಲಿ ತಪ್ಪಿಲ್ಲದೆ ಕರಡು ಬರೆಯಬಲ್ಲವರು ಸದರಿ ಗುಮಾಸ್ತರೊಬ್ಬರೇ ಆಗಿರುವುದರಿಂದ (ಸಂಜೆ ಕಾಲೇಜು, ಎರಡನೇ ದರ್ಜೆ, ಒಂದು ಅಂಕದಲ್ಲಿ ಮೊದಲನೆಯದು ತಪ್ಪಿದ್ದು), ಅವರ ಮೇಲಿನ ಈ ಸುತ್ತೋಲೆಯ ಕರಡನ್ನೂ ಅವರಿಂದಲೇ ಬರೆಸಲಾಗಿದೆ. ತಮ್ಮ ಪರವಾಗಿ ಒಂದು ಅಲ್ಪವಿರಾಮವೂ ಬೀಳದಂತೆ ಅವರು ನಾಲ್ಕು ಸಲ ತಿದ್ದಿರುತ್ತಾರೆ. ಅದೇ ಪ್ರಕಾರ ಕೆಳಕಂಡ ನಿಯಮಗಳನ್ನು ಈ ಮೂಲಕ ಜಾರಿಗೊಳಿಸಲಾಗಿದೆ.

ನಿಯಮಗಳು

1. ಇಲಾಖೆಯ ಅನುಬಂಧದಂತೆ ಪಿಸ್ಟನ್ ಸೊನ್ನೆ ಇರುವ ವಾಹನಗಳು ಮೂರೇ: ಸೈಕಲ್, ತಳ್ಳುಗಾಡಿ ಮತ್ತು ಗಾಲಿ ಇರುವ ಏಣಿ. ಸದರಿ ಕಾರಿಗೆ ಪೆಡಲುಗಳು ಮೂರಿರುವುದರಿಂದ ಅದು ಸೈಕಲ್ ಅಲ್ಲ. ಹತ್ತಲು ಮೆಟ್ಟಿಲುಗಳಿಲ್ಲದ್ದರಿಂದ ಏಣಿಯೂ ಅಲ್ಲ. ಆದ ಕಾರಣ ಅದನ್ನು ತಳ್ಳುಗಾಡಿ ಎಂದು ಪರಿಗಣಿಸಲಾಗಿದೆ. ತಳ್ಳುಗಾಡಿಯ ಅನುಮೋದಿತ ವೇಗ ಗಂಟೆಗೆ ನಾಲ್ಕು ಕಿಲೋಮೀಟರ್, ದಿನಕ್ಕೆ ಎಂಟು ಗಂಟೆ. ಹಾಗಾಗಿ 412 ಕಿಲೋಮೀಟರ್ ಕ್ರಮಿಸಲು ಹದಿಮೂರು ದಿನ, ಬರಲು ಹದಿಮೂರು ದಿನ ಬೇಕಾಗಿದ್ದು, ಗುಮಾಸ್ತರು ಈ ತಿಂಗಳ ಇಪ್ಪತ್ತಾರರಂದು ಕಚೇರಿಗೆ ತಲುಪತಕ್ಕದ್ದು.

2. ಅಲ್ಲಿಯ ತನಕ ಅವರು ಹೆದ್ದಾರಿಯಲ್ಲಿದ್ದಾರೆಂದು ದಾಖಲಿಸಲಾಗಿದೆ. ಈ ಅವಧಿಯಲ್ಲಿ ಅವರ ಕುರ್ಚಿಯಲ್ಲಿ ಅವರಂತೆಯೇ ಇರುವವರು ಯಾರಾದರೂ ಕೂತಿರುವುದು ಕಂಡುಬಂದಲ್ಲಿ,

(ಅ) ನಮಸ್ಕಾರ ಮಾಡತಕ್ಕದ್ದಲ್ಲ. ಅಭ್ಯಾಸಬಲದಿಂದ ಕೈ ಎತ್ತಿದವರು ತಲೆ ಕೆರೆದುಕೊಂಡು ಸರಿಪಡಿಸಿಕೊಳ್ಳುವುದು.

(ಆ) ಅವರ ಮೇಜಿಗೆ ಚಹಾ ಇಡಬಹುದು. ಲೋಟ ಖಾಲಿಯಾದಲ್ಲಿ ಯಾರು ಕುಡಿದರೆಂದು ವಿಚಾರಿಸುವಂತಿಲ್ಲ.

(ಇ) ಅವರು ಮುಗಿಸಿದ ಕೆಲಸವು ಅಂಚೆಯಲ್ಲಿ ಬಂದಿದೆಯೆಂದು ಭಾವಿಸತಕ್ಕದ್ದು. ಈ ಕರಡೂ ಹಾಗೆಯೇ ಬಂದಿದೆ. ಅವರ ಮೇಜಿನಿಂದ ನಿರ್ದೇಶಕರ ಮೇಜಿಗೆ ಹದಿನಾಲ್ಕು ಹೆಜ್ಜೆ.

(ಈ) ಪ್ರತಿ ಸಂಜೆ ಐದಕ್ಕೆ, ಅವರು ಇರಬೇಕಾದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಬರೆಯತಕ್ಕದ್ದು. ಅಕ್ಷರ ಚೆನ್ನಾಗಿರುವುದರಿಂದ ಸದ್ಯಕ್ಕೆ ಅವರೇ ಬರೆಯುತ್ತಿದ್ದಾರೆ. ಇಂದಿನ ಸಂಖ್ಯೆ: 288.

3. ಕಾರಿಗೆ ಎಂಜಿನ್ ಇದೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ಕಾಣಲು ನಿರ್ದೇಶಕರು ಐದನೇ ತಾರೀಕು ಅಂಗಳಕ್ಕಿಳಿದು, "ಐದು ಮೀಟರ್ ಮುಂದೆ ತಗೊಳ್ಳಿ ನೋಡೋಣ" ಎಂದು ಆದೇಶಿಸಿರುತ್ತಾರೆ. ತಣ್ಣಗಿರುವ ಈ ಎಂಜಿನ್ನನ್ನು ಒಮ್ಮೆ ಚಾಲೂ ಮಾಡಿದರೆ ಬಿಸಿಯಾಗುವ ತನಕ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಒಳಗೆ ಪೆಟ್ರೋಲ್ ತುಂಬಿ ಉಸಿರು ಕಟ್ಟಿಕೊಳ್ಳುತ್ತದೆ, ಆಮೇಲೆ ಯಾರು ಕಾಲಿಗೆ ಬಿದ್ದರೂ ಚಾಲೂ ಆಗುವುದಿಲ್ಲ ಎಂದು ಗುಮಾಸ್ತರು ಅರಿಕೆ ಮಾಡಿಕೊಂಡಿರುತ್ತಾರೆ. "ಹಾಗಾದ್ರೆ ಬಿಸಿಯಾಗೋ ತನಕ ಓಡಿಸಿ. ನಾನೂ ಕೂರ್ತೀನಿ" ಎಂದು ನಿರ್ದೇಶಕರು ಪಕ್ಕದ ಸೀಟಿಗೆ ಇಳಿದಿರುತ್ತಾರೆ. ಎಂಜಿನ್ ಎಂಟನೇ ಕಿಲೋಮೀಟರಿಗೆ ಬಿಸಿಯಾಗಿರುತ್ತದೆ. ತಪಾಸಣೆ ಮುಗಿದಾಗ ಕಾರು ತೊಂಬತ್ತೆರಡು ಕಿಲೋಮೀಟರ್ ಓಡಿತ್ತು.

ದಾರಿಯಲ್ಲಿ ನಡೆದ ಮಾತುಕತೆಯನ್ನು ದಾಖಲೆಗಾಗಿ ಯಥಾವತ್ತಾಗಿ ಕೊಡಲಾಗಿದೆ:

ನಿರ್ದೇಶಕರು: ಏನ್ರೀ ಅದು, ಕೀಂಯ್ ಅಂತು?
ಗುಮಾಸ್ತರು: ಸುತ್ತು ಜಾಸ್ತಿ ಆಯ್ತು, ಇಷ್ಟು ಸಾಕು, ಗೇರ್ ಬದಲಾಯಿಸು ಅನ್ನುತ್ತೆ ಸಾರ್.
ನಿರ್ದೇಶಕರು: ನಮ್ಮ ಕಚೇರೀಲಿ ಇಷ್ಟು ಸಾಕು ಅನ್ನೋ ಒಂದು ವಸ್ತುನೂ ಇಲ್ಲ ನೋಡಿ. ಇನ್ನೊಂದು ಸಲ ಕೇಳಿಸಿ.

ಒಟ್ಟು ಏಳು ಸಲ ಕೇಳಿಸಲಾಗಿದೆ.

4. ಸದರಿ ಸೀಟು ನೆಲದಿಂದ ಒಂದು ಗೇಣು ಎತ್ತರದಲ್ಲಿರುತ್ತದೆ. ಅಂದು ನಿರ್ದೇಶಕರು ಅದರಿಂದ ಏಳಲು ಇಬ್ಬರು ಅಟೆಂಡರುಗಳು, ಒಂದು ಕಡತದ ಹಗ್ಗ ಮತ್ತು ಹನ್ನೊಂದು ನಿಮಿಷ ಬೇಕಾಗಿರುತ್ತದೆ. ಇನ್ನು ಮುಂದೆ ಯಾವುದೇ ಹಿರಿಯ ಅಧಿಕಾರಿ ಸದರಿ ಸೀಟಿನಿಂದ ಏಳುವಾಗ ಸಿಬ್ಬಂದಿ ಗೋಡೆಯ ಕಡೆ ಮುಖ ಮಾಡಿ ನಿಲ್ಲತಕ್ಕದ್ದು. ಭುಜ ಕುಲುಕಿದರೂ ನಕ್ಕಂತೆಯೇ ಲೆಕ್ಕ.

5. ಈ ಎಂಜಿನ್ ಪೆಟ್ರೋಲಿನ ಜೊತೆಗೆ ಆಯಿಲನ್ನೂ ಕುಡಿಯುತ್ತದೆ. ಇದು ಅದರ ಹುಟ್ಟುಗುಣವೇ ಹೊರತು ದುರಭ್ಯಾಸವಲ್ಲವೆಂದು ಮೇಸ್ತ್ರಿ ತಿಳಿಸಿರುವುದರಿಂದ, ಶಿಸ್ತು ಶಾಖೆಯು ಎಂಜಿನ್ನಿಗೆ ನೀಡಿದ್ದ ಕಾರಣ ಕೇಳುವ ನೋಟಿಸನ್ನು ಹಿಂಪಡೆಯಲಾಗಿದೆ. ಹೆದ್ದಾರಿಯ ಪ್ರತಿ ಪೆಟ್ರೋಲ್ ಬಂಕಿನಲ್ಲೂ ಕಡ್ಡಿ ಹೊರಗೆಳೆದು, ಒರೆಸಿ, ಮತ್ತೆ ಅದ್ದಿ, ಆಯಿಲ್ ಎಷ್ಟಿದೆ ಎಂದು ನೋಡತಕ್ಕದ್ದು. ಒರೆಸಲು ಸುತ್ತೋಲೆಗಳನ್ನು ಬಳಸುವಂತಿಲ್ಲ. (ಈ ಹಿಂದೆ ಎರಡು ಬಳಕೆಯಾಗಿವೆ. ಅವು ಚೆನ್ನಾಗಿ ಒರೆಸಿದವೆಂದು ಗುಮಾಸ್ತರು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ.)

6. ರಜೆ ಅರ್ಜಿಯ ಬಗ್ಗೆ. ಮೇಸ್ತ್ರಿಯ ಪ್ರಮಾಣಪತ್ರದಲ್ಲಿ ಓದಲು ಸಿಗುವಷ್ಟು ಭಾಗ: "ಈ ಎಂಜಿನ್ನು ಊರೊಳಗೇ ತಿರುಗಿದರೆ ಮಸಿ ಕಟ್ಟಿ ಕೊರಗುತ್ತೆ. ತಿಂಗಳಿಗೊಂದು ಸಲ ಹೆದ್ದಾರಿಗೆ ಬಿಟ್ಟು, ದೂರ ಓಡಿಸಿ, ಎದೆ ತುಂಬ ಉಸಿರು ತಗೊಳ್ಳೋಕೆ ಬಿಡಿ." ಇದನ್ನು ವೈದ್ಯಕೀಯ ಪ್ರಮಾಣಪತ್ರವೆಂದು ಸ್ವೀಕರಿಸಿದ ರಜೆ ಶಾಖೆಯು ರೋಗಿಯ ವಯಸ್ಸು, ತೂಕ ಮತ್ತು ಅರ್ಜಿದಾರರೊಂದಿಗಿನ ಸಂಬಂಧವನ್ನು ಕೇಳಿತ್ತು. ಸಂಬಂಧದ ಅಂಕಣದಲ್ಲಿ ಗುಮಾಸ್ತರು 'ಭಾವನ ಕಡೆಯಿಂದ' ಎಂದು ನಮೂದಿಸಿರುತ್ತಾರೆ. ಅರ್ಜಿಯಲ್ಲಿ ಲೋಪವಿಲ್ಲ. ಆದರೆ ಹೆದ್ದಾರಿಯಲ್ಲಿರುವವರಿಗೆ ಹೆದ್ದಾರಿಗೆ ಹೋಗಲು ರಜೆ ಕೊಡಲು ಅವಕಾಶವಿಲ್ಲದ್ದರಿಂದ ತಿರಸ್ಕರಿಸಲಾಗಿದೆ. ಇಪ್ಪತ್ತಾರರ ನಂತರ ಮರುಅರ್ಜಿ ಸಲ್ಲಿಸಬಹುದು.

7. ಇಪ್ಪತ್ತಾರು ತಡವಾಗುತ್ತದೆ ಎಂಬ ಆಕ್ಷೇಪಣೆಯ ಬಗ್ಗೆ. ಗುಮಾಸ್ತರ ಅಕ್ಕ ಹೊಲಿಗೆಯಂಗಡಿ ಇಟ್ಟುಕೊಂಡಿರುವವರು. ತಮ್ಮನು ಸಂಜೆ ಕಾಲೇಜಿಗೆ ಹಾಕಿಕೊಂಡು ಹೋದ ಎರಡೂ ಅಂಗಿಗಳನ್ನು ಹೊಲಿದುಕೊಟ್ಟವರು. ಯಂತ್ರ ತುಳಿದು ತುಳಿದು ಅವರ ಮೊಣಕಾಲು ಸವೆದಿದ್ದು, ಇಪ್ಪತ್ತೆರಡರಂದು ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಆಮೇಲೆ ಆರು ತಿಂಗಳು ಅವರು ಒಂದು ಗೇಣು ಎತ್ತರದ ಸೀಟಿಗೆ ಇಳಿಯುವಂತಿಲ್ಲ. ಕಾರು ತೀರಿಹೋದ ಭಾವನದು, ಈಗ ಅಕ್ಕನ ಹೆಸರಿನಲ್ಲಿದೆ. ಭಾವ ಪ್ರತಿ ವಾರ ಅದನ್ನು ಹೆದ್ದಾರಿಗೆ ಕೊಂಡೊಯ್ಯುತ್ತಿದ್ದರು. ಪಕ್ಕದ ಸೀಟಿನಲ್ಲಿ ಆಯಿಲ್ ಡಬ್ಬ ಇರುತ್ತಿತ್ತು.

ಈ ಬಗ್ಗೆ ಅಕ್ಕನವರು ಹೊಲಿಗೆಯಂಗಡಿಯಲ್ಲಿ, ಬಾಯಲ್ಲಿ ಎರಡು ಗುಂಡುಸೂಜಿ ಇಟ್ಟುಕೊಂಡೇ ನೀಡಿದ ಹೇಳಿಕೆ:

"ಹತ್ತೊಂಬತ್ತು ವರ್ಷ ಆ ಸೀಟಲ್ಲಿ ಆಯಿಲ್ ಡಬ್ಬ ಕೂತಿತ್ತು ಕಣೋ. ನಿಮ್ಮ ಭಾವ ಕೆಟ್ಟವರಲ್ಲ, ಡಬ್ಬ ಬಿದ್ದುಹೋಗುತ್ತೆ ಅಂತ ಹೆದರೋರು, ಅಷ್ಟೇ. ನನ್ನನ್ನ ಕೂರಿಸ್ಕೊಂಡು ತರಕಾರಿ ಅಂಗಡಿ ದಾಟಿಲ್ಲ. ನೀನು ಸಮುದ್ರದ ತನಕ ಹೋಗಿ ಬಂದೆ, ಕಡತ ಇಟ್ಕೊಂಡು. ಕಡತಕ್ಕೆ ಸಮುದ್ರ ತೋರಿಸಿದೀಯ, ನನಗೆ ತೋರಿಸೋಕಾಗಲ್ವಾ? ಕಾಲು ಕೊಯ್ಯೋಕೆ ಮುಂಚೆ ಒಂದು ಸಲ ಕೂರಿಸು. ಏಳಿಸೋದು ಆಮೇಲೆ ನೋಡ್ಕೊಳ್ಳೋಣ."

ಹೇಳಿಕೆಯನ್ನು ಕಡತದಲ್ಲಿ ಇಡಲಾಗಿದೆ. ಅದರ ಮೇಲೆ ಕ್ರಮ ಕೈಗೊಳ್ಳಲು ಯಾವ ನಿಯಮವೂ ದೊರೆತಿಲ್ಲ. ಗುಮಾಸ್ತರು ಎರಡು ದಿನ ಹುಡುಕಿರುತ್ತಾರೆ.

8. ಪಿಸ್ಟನ್ ಇಲ್ಲದ ವಾಹನವು ತಳ್ಳದೆಯೇ ಚಲಿಸುತ್ತಿದೆ ಎಂಬುದನ್ನು ದೃಢೀಕರಿಸಲು, ಇನ್ನು ಮುಂದೆ ಪ್ರತಿ ದೂರ ಪ್ರಯಾಣದಲ್ಲೂ ಪಕ್ಕದ ಸೀಟಿನಲ್ಲಿ ಒಬ್ಬ ವೀಕ್ಷಕರು ಇರತಕ್ಕದ್ದು. ಅವರು ಅರ್ಧ ಗಂಟೆಗೊಮ್ಮೆ ಕಿಟಕಿಯಿಂದ ಹಿಂದಕ್ಕೆ ನೋಡಿ, ಯಾರೂ ತಳ್ಳುತ್ತಿಲ್ಲವೆಂದು ಬರೆದುಕೊಳ್ಳುವುದು. ಸೀಟುಗಳು ಎರಡೇ ಇರುವುದರಿಂದ ವೀಕ್ಷಕರ ಹೊರತು ಬೇರೆ ಯಾರೂ ಪ್ರಯಾಣಿಸುವಂತಿಲ್ಲ. ಈ ನಿಯಮ ಹೊರಬೀಳುವ ಮುನ್ನವೇ ವೀಕ್ಷಕರ ಹುದ್ದೆಗೆ ಇಲಾಖೆಯ ನಾನಾ ಶಾಖೆಗಳಿಂದ ಮೂವತ್ತೊಂದು ಅರ್ಜಿಗಳು ಬಂದಿರುತ್ತವೆ. ಅದರಲ್ಲಿ ಒಂದು, ಸ್ವತಃ ಕಾರು ಇರುವವರದ್ದು.

9. ವೀಕ್ಷಕರು ಗುಮಾಸ್ತರ ರಕ್ತಸಂಬಂಧಿಯಾಗಿರತಕ್ಕದ್ದಲ್ಲ.

(ಟಿಪ್ಪಣಿ: ಈ ನಿಯಮವನ್ನು ಸೇರಿಸಲು ಯಾರೂ ಹೇಳಿರಲಿಲ್ಲ. ಇದಿಲ್ಲದಿದ್ದರೆ ಪಕ್ಷಪಾತವಾದೀತೆಂದು ಗುಮಾಸ್ತರು ತಾವಾಗಿಯೇ ಸೇರಿಸಿರುತ್ತಾರೆ. ಮೂಲ ಕರಡಿನಲ್ಲಿ ಈ ಸಾಲನ್ನು ಮೂರು ಸಲ ಅಳಿಸಿ, ಮತ್ತೆ ಬರೆದ ಗುರುತಿದ್ದು, ಅಲ್ಲಿ ಕಾಗದ ತೆಳ್ಳಗಾಗಿರುತ್ತದೆ.)

10. ಸಹಿಗೆ ಮುನ್ನ ನಿರ್ದೇಶಕರು ಕರಡಿನ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದಿರುವುದನ್ನು, ಅಳಿಸಲು ಯಾರಿಗೂ ಅಧಿಕಾರವಿಲ್ಲದ ಕಾರಣ, ಹಾಗೆಯೇ ಸೇರಿಸಲಾಗಿದೆ:

"ಏನ್ರೀ ಇದು. ಒಂಬತ್ತನೆಯದನ್ನ ಬರೀರಿ ಅಂತ ನಾನು ಅಂದಿದ್ನಾ? ನಿಮ್ಮನ್ನ ಕಟ್ಟಿಹಾಕೋಕೆ ಹಗ್ಗ ತನ್ನಿ ಅಂದ್ರೆ ಗಂಟೂ ಹಾಕ್ಕೊಂಡು ಬಂದಿದೀರಲ್ಲ. ಕಾರು ಅವರದ್ದು. ಅವರ ಕಾರಲ್ಲಿ ಅವರು ಕೂರೋಕೆ ನಮ್ಮದೇನ್ರೀ ಅಪ್ಪಣೆ? ಅವರು ನಿಮ್ಮ ಅಕ್ಕ ಅಲ್ಲ, ಮಾಲೀಕರು. ನೀವು ತಮ್ಮ ಅಲ್ಲ, ಡ್ರೈವರ್. ಹೀಗೆ ತಿದ್ದಿ. ಇನ್ನೊಂದು. ನೀವು ಹೆದ್ದಾರಿಯಲ್ಲಿದ್ದೀರಿ ಅಂತ ನೀವೇ ದಿನಾ ಫಲಕದಲ್ಲಿ ಬರೀತೀರಿ, ಆಮೇಲೆ ಇಲ್ಲೇ ಕೂತು ಚಹಾ ಕುಡೀತೀರಿ. ದಾಖಲೆ ಒಂದು ಕಡೆ, ಮನುಷ್ಯ ಒಂದು ಕಡೆ ಇರೋದು ಗಂಭೀರ ಲೋಪ. ತಕ್ಷಣ ಸರಿಪಡಿಸಿ."

11. ಮೇಲಿನ ಸೂಚನೆಯ ಮೇರೆಗೆ, ಕಚೇರಿಯಲ್ಲಿ ಅನಧಿಕೃತವಾಗಿ ಹಾಜರಿರುವ ಗುಮಾಸ್ತರು ನಾಳೆ ಸಂಜೆ ಐದರೊಳಗೆ 320ನೇ ಕಿಲೋಮೀಟರ್ ಕಲ್ಲಿನ ಬಳಿ ಖುದ್ದಾಗಿ ಇರತಕ್ಕದ್ದು. ಇದಕ್ಕೆ ರಜೆಯ ಅಗತ್ಯವಿರುವುದಿಲ್ಲ. 320ಕ್ಕೇ ನಿಲ್ಲಿಸುವುದು ಎಂಜಿನ್ನಿನ ಎದೆಗೆ ಒಳ್ಳೆಯದಲ್ಲವಾದ್ದರಿಂದ ಉಳಿದ ತೊಂಬತ್ತೆರಡು ಕಿಲೋಮೀಟರನ್ನೂ ಓಡಿಸತಕ್ಕದ್ದು. ಅಲ್ಲಿ ರಸ್ತೆ ಮುಗಿದು ಸಮುದ್ರ ಶುರುವಾಗುವುದರಿಂದ ಮುಂದಿನ ಕ್ರಮ ಮಾಲೀಕರ ವಿವೇಚನೆಗೆ ಬಿಟ್ಟದ್ದು. ಕೀಂಯ್ ಎಂಬ ಸದ್ದನ್ನು ಮಾಲೀಕರು ಕೇಳಿದಷ್ಟು ಸಲ ಕೇಳಿಸತಕ್ಕದ್ದು.

12. ನಿಯಮ 9ನ್ನು ರದ್ದುಪಡಿಸಲಾಗಿದೆ. ನಾಳೆಯ ಪ್ರಯಾಣಕ್ಕೆ ಮಾಲೀಕರೇ ವೀಕ್ಷಕರು. ಮೂವತ್ತೊಂದು ಅರ್ಜಿಗಳನ್ನು ಆರು ತಿಂಗಳ ಮಟ್ಟಿಗೆ, ಅಂದರೆ ಮಾಲೀಕರ ಮೊಣಕಾಲು ಮಡಚಲು ಬರುವ ತನಕ ಸೀಟು ಖಾಲಿ ಇರುವ ಅವಧಿಗೆ, ಜ್ಯೇಷ್ಠತೆಯ ಕ್ರಮದಲ್ಲಿ ಪರಿಗಣಿಸಲಾಗುವುದು. ಅತಿ ಹಿರಿಯ ಅರ್ಜಿದಾರರು ನಿರ್ದೇಶಕರೇ ಆಗಿರುವುದು ಕಾಕತಾಳೀಯ.

ನಮೂನೆ 17ರ ಆರನೇ ಅಂಕಣವನ್ನು 'ಪಿಸ್ಟನ್ ಇದ್ದಲ್ಲಿ, ಎಷ್ಟು' ಎಂದು ಬದಲಾಯಿಸುವ ವಿಷಯವು ಸಮಿತಿಯ ಮುಂದಿದ್ದು, ಸಮಿತಿಯನ್ನು ಇನ್ನೂ ರಚಿಸಬೇಕಾಗಿದೆ.

(ಸಹಿ, ಹಸಿರು ಶಾಯಿಯಲ್ಲಿ)
ನಿರ್ದೇಶಕರು

ಕರಡು: 288ನೇ ಕಿಲೋಮೀಟರ್ ಕಲ್ಲಿನಿಂದ, ಅಂಚೆ ಮೂಲಕ

ಪ್ರತಿಗಳು:

1. ಎಲ್ಲ ಶಾಖೆಗಳ ಮುಖ್ಯಸ್ಥರಿಗೆ, ಓದಿ ಸಹಿ ಮಾಡಲು. ಕಡ್ಡಿ ಒರೆಸಲು ಅಲ್ಲ.
2. ಶಾಖಾ ಕಚೇರಿಗೆ, ಈ ಸಲ ಕಡತಗಳು ಬರುವುದಿಲ್ಲವೆಂದು ತಿಳಿಸುತ್ತಾ, ಅಂಗಳದಲ್ಲಿ ಎತ್ತರದ ಕುರ್ಚಿಯೊಂದನ್ನೂ ಗಟ್ಟಿಮುಟ್ಟಾದ ಇಬ್ಬರನ್ನೂ ಸಿದ್ಧವಾಗಿಡಲು ಕೋರಿ.
3. ಗ್ಯಾರೇಜಿನ ಮೇಸ್ತ್ರಿಗೆ, ಮೂರನೇ ಸಾಲಿನಲ್ಲಿ ಏನಿತ್ತೆಂದು ಪ್ರಯಾಣಕ್ಕೆ ಮುನ್ನ ದಯವಿಟ್ಟು ತಿಳಿಸಲು.
4. ಇಬ್ಬರು ಅಟೆಂಡರುಗಳಿಗೆ, ಹಗ್ಗವನ್ನು ಕಡತಕ್ಕೆ ಮರಳಿ ಕಟ್ಟಲು.
5. ಹೊಲಿಗೆಯಂಗಡಿಯ ಅಕ್ಕನವರಿಗೆ, ನಾಳೆ ಬೆಳಿಗ್ಗೆ ಐದೂವರೆಗೆ ಸಿದ್ಧರಿರಲು ಕೋರಿ. ಗುಂಡುಸೂಜಿಗಳನ್ನು ಅಂಗಡಿಯಲ್ಲೇ ಬಿಟ್ಟು ಬರುವುದು.
6. ಆಯಿಲ್ ಡಬ್ಬಕ್ಕೆ: ಹತ್ತೊಂಬತ್ತು ವರ್ಷಗಳ ಸೇವೆಯನ್ನು ಪರಿಗಣಿಸಿ ಡಿಕ್ಕಿಗೆ ವರ್ಗಾಯಿಸಲಾಗಿದೆ.